ಗುರುನಾಥ ಸರ್ ಕೊಟ್ಟ ದೂತನ ಪಾತ್ರ

ಗುರುನಾಥ ಸರ್ ಯಾವ ನಾಟಕ ಓದಲು ಕೂತರೂ ಮೊದಲು ಅದರ ಕೊನೆಯನ್ನು ಹೇಳಿಬಿಡುತ್ತಿದ್ದರು. "ರಾಜಾ ಸಾಯ್ತಾನ. ರಾಣಿನೂ ಉಳಿಯೂದಿಲ್ಲ. ಈಗ ಚಾ ಕುಡೀರಿ, ಓದೂಣು."

"ಕತೆ ಮುಗಿದ ಮೇಲೆ ಇನ್ನು ಓದುವುದು ಎಂತದು ಮಾರಾಯ್ರೆ?" ಎಂದು ನನ್ನ ಗಂಡ ರಮೇಶ ಕೇಳಿದರೆ ಸರ್ ನಗುತ್ತಿದ್ದರು. "ಗ್ರೀಕ್ ಮಂದಿಗೂ ಕತಿ ಮೊದಲ ಗೊತ್ತಿರತಿತ್ತು ತಮ್ಮಾ. ಏನಾಗತದ ಅಂತ ನೋಡಾಕ ಬರತಿದ್ದಿಲ್ಲ ಅವ್ರು. ಆದಾಗ ಮನಷ್ಯಾ ಹೆಂಗ ನಿಂದರತಾನ, ಅದನ್ನ ನೋಡಾಕ ಬರತಿದ್ರು."

ವಿಜಯಪುರದವರು ಅವರು; ಒಮಾನಿನ ಇಬ್ರಾದಲ್ಲಿ ನೀರಿನ ಪಂಪುಗಳ ರಿಪೇರಿ ನೋಡಿಕೊಳ್ಳುವ ಫೋರ್‌ಮನ್. ಕೆಲಸ ಬಿಟ್ಟು ಹೋದ ಯಾರೋ ಇಂಗ್ಲಿಷ್ ಮೇಷ್ಟರ ರಟ್ಟಿನ ಪೆಟ್ಟಿಗೆಯಲ್ಲಿ ಗ್ರೀಕರ ದುರಂತ ನಾಟಕಗಳು ಸಿಕ್ಕಿದ್ದವಂತೆ. ಅವನ್ನು ತಮ್ಮದೇ ಕನ್ನಡಕ್ಕೆ ತಿರುಗಿಸಿ ಹಳೆಯ ಜಾಬ್ ಕಾರ್ಡುಗಳ ಹಿಂಬದಿಯಲ್ಲಿ ಬರೆದಿಟ್ಟಿದ್ದರು. ಮುಂದೆ ಬೇರಿಂಗ್ ಬದಲಿಸಿದ ವಿವರ, ಹಿಂದೆ ರಾಣಿಯ ಶಾಪ. ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ನಾವು ಐದಾರು ಜನ ಅವರ ಮನೆಯ ಚಾಪೆಯ ಮೇಲೆ ಕೂತು ಪಾತ್ರ ಹಂಚಿಕೊಂಡು ಓದುತ್ತಿದ್ದೆವು. ಅವರ ಹೆಂಡತಿ ಸುಮಿತ್ರಕ್ಕ ಮಾತ್ರ ಬರುತ್ತಿರಲಿಲ್ಲ. "ನಂಗ್ಯಾಕ ಬೇಕವ್ವಾ ಆ ರಾಣೇರ ಗದ್ದಲ," ಎಂದು ಅಡುಗೆಮನೆಯ ಬಾಗಿಲಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂರುತ್ತಿದ್ದರು.

ನಾಟಕದಲ್ಲಿ ಊರಿನ ಹಿರಿಯರೆಲ್ಲ ಸೇರಿ ಮಾತಾಡುವ ಭಾಗ ಬಂದರೆ ಸರ್ ಚಪ್ಪಾಳೆ ತಟ್ಟಿ ಅರಬರ ಹಾಗೆ "ಯಲ್ಲಾ, ಮೇಳ!" ಎನ್ನುತ್ತಿದ್ದರು. ಎಲ್ಲರೂ ಒಟ್ಟಿಗೆ ಓದಬೇಕು. ರಮೇಶ ಒಮ್ಮೆ ಅದಕ್ಕೆ ಯಕ್ಷಗಾನದ ಧಾಟಿ ಹಚ್ಚಿದಾಗ ಬೈಸಿಕೊಳ್ಳುತ್ತಾರೆ ಎಂದುಕೊಂಡೆ. ಸರ್ ಕಣ್ಣು ಮುಚ್ಚಿ ತಲೆದೂಗಿದರು.

ದೂತನ ಪಾತ್ರವನ್ನು ಮಾತ್ರ ಅವರು ಸುಲಭಕ್ಕೆ ಯಾರಿಗೂ ಕೊಡುತ್ತಿರಲಿಲ್ಲ. ಆ ನಾಟಕಗಳಲ್ಲಿ ಸಾವು ಕಣ್ಣೆದುರು ಆಗುವುದು ಕಡಿಮೆ. ಒಳಗೆ ಆಗುತ್ತದೆ, ದೂತ ಹೊರಗೆ ಬಂದು ಹೇಳುತ್ತಾನೆ. ಒಂದು ವರ್ಷ ಕಾದ ಮೇಲೆ ಅದು ನನಗೆ ಸಿಕ್ಕಿತು. ಬಿಡುತ್ತೇನೆಯೇ? ಕೈ ಬೀಸಿ, ಗಂಟಲು ನಡುಗಿಸಿ, ನಿಜವಾದ ಕಣ್ಣೀರನ್ನೇ ಸುರಿಸಿದೆ. ಸರ್ ಕಾರ್ಡನ್ನು ಕೆಳಗಿಟ್ಟರು. "ತಂಗಿ, ನೀ ಯಾಕ ಅಳ್ತಿ? ಅಳೂದು ಕೇಳೋರ ಕೆಲಸ. ನೀ ಕಂಡದ್ದಷ್ಟ ಹೇಳು. ಮೊದಲಿಂದ ಓದು." ನನಗೆ ಸಿಟ್ಟು ಬಂದು ಎರಡು ವಾರ ಆ ಕಡೆ ತಲೆ ಹಾಕಲಿಲ್ಲ.

ಗಲ್ಫಿನಲ್ಲಿ ನಮ್ಮವರದೊಂದು ರೂಢಿಯಿದೆ. ಊರಲ್ಲಿ ಯಾರಾದರೂ ತೀರಿಕೊಂಡರೆ ಹಾಗೆಂದು ಹೇಳುವುದಿಲ್ಲ. "ಸ್ವಲ್ಪ ಸೀರಿಯಸ್, ಹೊರಟು ಬಾ" ಎನ್ನುತ್ತಾರೆ. ವಿಮಾನದಲ್ಲಿ ಒಬ್ಬರೇ ಅಳುತ್ತ ಬರುವುದು ಬೇಡ ಎಂಬ ಕರುಣೆ. ನನ್ನ ಅಪ್ಪ ಹೋದಾಗ ನನಗೂ ಹಾಗೆಯೇ ಹೇಳಿದ್ದರು. ದಾರಿಯುದ್ದಕ್ಕೂ ಹರಕೆ ಹೊರುತ್ತ ಹೋದ ನನಗೆ, ಮನೆಯೆದುರು ಚಪ್ಪಲಿಗಳ ರಾಶಿ ಕಂಡಾಗಲೇ ಗೊತ್ತಾದದ್ದು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ವಿಜಯಪುರದಿಂದ ಸರ್ ಅವರ ಸೋದರಳಿಯ ನನಗೆ ಫೋನ್ ಮಾಡಿದ. ಸರ್ ಅವರನ್ನು ತಾಯಿಯ ಹಾಗೆ ಸಾಕಿದ ಅಕ್ಕ, ಅವನ ಅಮ್ಮ, ತೀರಿಕೊಂಡಿದ್ದರು. "ಮಾಮಾಗ ಹೇಳಬ್ಯಾಡ್ರಿ ಅಕ್ಕಾರ. ಸೀರಿಯಸ್ ಅಂತ ಹೇಳಿ ಕಳಸ್ರಿ." ರಮೇಶ ಟಿಕೆಟ್ ಹುಡುಕಲು ಕೂತರು, ನಾನು ಸರ್ ಮನೆಗೆ ಓಡಿದೆ.

ಅವರು ಕೆಲಸಕ್ಕೆ ಹೊರಟು ಷೂ ಲೇಸು ಕಟ್ಟುತ್ತಿದ್ದರು. "ಸರ್, ನಿಮ್ಮ ಅಕ್ಕನಿಗೆ ಸ್ವಲ್ಪ ಸೀರಿಯಸ್ ಅಂತೆ. ಒಮ್ಮೆ ಹೋಗಿ ಬನ್ನಿ," ಎಂದೆ. ಅವರು ತಲೆ ಎತ್ತಿ ನನ್ನನ್ನೇ ನೋಡಿದರು. ಆಮೇಲೆ ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತರು.

"ಸರಿಯಾಗಿ ಹೇಳು ತಂಗಿ. ಮೊದಲಿಂದ."

ಹೇಳಿದೆ. ಅಕ್ಕ ತೀರಿಕೊಂಡರು ಸರ್. ಸಂತೆಗೆ ಹೋಗಲು ಸೀರೆ ಉಟ್ಟು ನಿಂತಿದ್ದರಂತೆ. ಪಡಸಾಲೆಯಲ್ಲಿ ಕುಸಿದರಂತೆ. ಸೊಸೆ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳಂತೆ. ಆಸ್ಪತ್ರೆ ಮುಟ್ಟಲಿಲ್ಲವಂತೆ. ನೋವಾಗಲಿಲ್ಲವಂತೆ ಎಂಬ ಮಾತೂ ನಾಲಿಗೆಯ ತುದಿಗೆ ಬಂತು. ಅದನ್ನು ಯಾರೂ ನನಗೆ ಹೇಳಿರಲಿಲ್ಲ, ಬಿಟ್ಟೆ.

"ಚಲೋ ಹೇಳಿದಿ," ಎಂದರು ಸರ್. ಆಮೇಲೆ ಅಲ್ಲೇ ಹೊಸಿಲ ಮೇಲೆ ಕೂತು ಸಣ್ಣ ಮಗುವಿನ ಹಾಗೆ ಅತ್ತರು.

ಅದೇ ವರ್ಷ ಕೆಲಸ ಬಿಟ್ಟು ಊರಿಗೆ ಹೋದರು. ಜಾಬ್ ಕಾರ್ಡುಗಳ ಕಟ್ಟನ್ನು ನನ್ನ ಕೈಗಿಟ್ಟು, "ಶುಕ್ರವಾರ ತಪ್ಪಿಸಬ್ಯಾಡ್ರಿ," ಎಂದರು. ನಾವು ತಪ್ಪಿಸಿದೆವು. ಅವರಿಲ್ಲದೆ ಓದಲು ಮನಸ್ಸೇ ಬರಲಿಲ್ಲ, ಏನು ಮಾಡುವುದು.

ಹೋದ ತಿಂಗಳು ಸುಮಿತ್ರಕ್ಕನ ಫೋನ್ ಬಂತು.

"ವಿನಯಾ, ಕುಂತೀಯೋ ನಿಂತೀಯೋ?"

"ಕೂತಿದ್ದೇನೆ ಅಕ್ಕ."

"ಅವ್ರು ಹ್ವಾದ್ರವ್ವಾ. ಮುಂಜಾನೆ ಚಾ ಕುಡದ್ರು. ಸಕ್ಕರಿ ಕಡಿಮಿ ಆಗೇದ ಅಂದ್ರು. ನಾ ಡಬ್ಬಿ ತರೂದ್ರಾಗ ಕುರ್ಚಿಗೆ ತಲಿ ಒರಗಿಸಿದ್ರು. ಚಾದ ಕಪ್ಪು ಕೈಯಾಗ ಇತ್ತು."

ದನಿ ನಡುಗಲಿಲ್ಲ. ಒಂದು ಶುಕ್ರವಾರವೂ ಚಾಪೆಗೆ ಬಾರದೆ ಬಾಗಿಲಲ್ಲೇ ಸೊಪ್ಪು ಬಿಡಿಸುತ್ತಿದ್ದ ಸುಮಿತ್ರಕ್ಕ ಕಂಡದ್ದಷ್ಟನ್ನೇ ಹೇಳಿ ನಿಲ್ಲಿಸಿದರು. ಈ ಸಲ ಕೇಳುವವಳು ನಾನು. ಫೋನ್ ಹಿಡಿದುಕೊಂಡೇ ಗೊಳೋ ಎಂದು ಅತ್ತೆ. ಮುಗಿಯುವವರೆಗೆ ಅವರು ಆ ಕಡೆ ಕಾದರು.