ಕಂಬ ಹತ್ತುವ ಸಿದ್ದಾರೂಢ

ಬೀಳಗಿಯಾಚೆಯ ಗುಡ್ಡದ ಮೇಲೆ ವಿಮಾನಗಳಿಗೆ ದಾರಿ ತೋರುವ ರೇಡಿಯೋ ಕೇಂದ್ರವೊಂದಿತ್ತು. ಅದರ ಎತ್ತರದ ಕಂಬವನ್ನು ಹತ್ತಿ ದುರಸ್ತಿ ಮಾಡುತ್ತಿದ್ದವನು ನನ್ನ ನೆರೆಮನೆಯ ಸಿದ್ದಾರೂಢ. ಹತ್ತುವ ಮುನ್ನ ಯಂತ್ರವನ್ನು ನಿಲ್ಲಿಸಿ, ಅದರ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದ. ಕೀಲಿ ಯಂತ್ರದ ಕೋಣೆಯಲ್ಲೇ ಇದ್ದರೆ ಕಂಬದ ಮೇಲೆ ಯಾರೂ ಇಲ್ಲವೆಂದು ಎಲ್ಲರೂ ತಿಳಿಯುತ್ತಿದ್ದರು.

ಒಂದು ವರ್ಷ ಖಂಡೆಪೂಜೆಯ ದಿನ, ಯಂತ್ರ ನಿಲ್ಲಿಸಿ ಕೀಲಿಯನ್ನೂ ಆಯುಧಗಳ ಜೊತೆ ಪೂಜೆಗೆ ಇಟ್ಟಿದ್ದಾಗ, ಕಂಬದ ತುದಿಯ ತಂತಿ ಸಡಿಲಾಯಿತು. ಹೋಳಿಗೆ ತಂದಿದ್ದ ಹೆಂಡತಿ ಭಾಗವ್ವ, “ಕೀಲಿ ತಗೊಂಡ ಹತ್ತರಿ,” ಎಂದಳು.

“ಪೂಜಾಕ್ಕ ಕುಂತದ್ದನ್ನ ಎಬ್ಬಸ್ತಾರೇನ, ಹುಚ್ಚಿ? ವಿಮಾನ ಬರೂ ಹೊತ್ತಾತು. ನೀ ಮನಿಗೆ ನಡಿ,” ಎಂದು ಸಿದ್ದಾರೂಢ ಕೀಲಿಯಿಲ್ಲದೆಯೇ ಕಂಬ ಹತ್ತಿದ.

ಊಟ ಮುಗಿಸಿ ಬಂದ ಪರವೂರಿನ ಆಪರೇಟರನು ಪೂಜೆಯಲ್ಲಿದ್ದ ಕೀಲಿಯನ್ನು ಕಂಡನು. ಕಂಬ ಖಾಲಿಯಿದೆಯೆಂದುಕೊಂಡು, ಕೈಮುಗಿದು, ಅದನ್ನೇ ಎತ್ತಿಕೊಂಡು ಯಂತ್ರವನ್ನು ಚಾಲೂ ಮಾಡಿದನು.

ಸಿದ್ದಾರೂಢನ ಜೀವ ಉಳಿಯಿತು. ತಂತಿಯಲ್ಲಿ ಹರಿದ ವಿದ್ಯುತ್ತಿಗೆ ಎರಡೂ ಕೈಗಳ ಬೆರಳುಗಳು ಸುಟ್ಟುಹೋದವು. ನಾವು ಮರುಗಿದರೆ, “ಹೋದ್ರ ಹೋಗ್ಲಿ ಬಿಡ್ರಿ ಮಾಸ್ತರ. ವಿಮಾನದಾಗಿನ ಮಂದಿ ಮನಿ ಮುಟ್ಟಿದ್ರಲ್ಲ,” ಎನ್ನುತ್ತಿದ್ದ. ಆ ಮಾತೊಂದೇ ಅವನನ್ನು ಬದುಕಿಸಿತ್ತು.

ಈ ವರ್ಷ ಕೇಂದ್ರವನ್ನು ಮುಚ್ಚಿದರು. ಹಳೆಯ ಸಾಹೇಬರೊಬ್ಬರು ಅವನನ್ನು ಕಾಣಲು ಬಂದಾಗ ಸಿದ್ದಾರೂಢ ಕೇಳಿದ: “ಖರೆ ಹೇಳ್ರಿ ಸಾಹೇಬ್ರ, ಅವತ್ತ ವಿಮಾನ ಪಾರಾತಲ್ರಿ?”

ಅವನಿಗೆ ಸಮಾಧಾನವಾಗಲೆಂದೇ ಅವರು ನಕ್ಕು ಹೇಳಿದರು: “ಅದಕ್ಕೇನ ಆಗ್ತಿತ್ತೋ? ಅವು ಆಗಲೇ ಉಪಗ್ರಹದ ಮ್ಯಾಲೆ ದಾರಿ ನೋಡತಿದ್ವು. ನಮ್ಮನ್ನ ಯಾರೂ ಕೇಳ್ತಿದ್ದಿಲ್ಲ.”

ಸಾಹೇಬರು ಹೋದ ಮೇಲೆ ಭಾಗವ್ವ ಎಂದಿನಂತೆ ರೊಟ್ಟಿಯ ತುತ್ತು ಮಾಡಿ ಗಂಡನ ಬಾಯಿಗೆ ಹಿಡಿದಳು. ಸಿದ್ದಾರೂಢ ಬಾಯಿ ತೆರೆಯಲಿಲ್ಲ.