ನೊರೆಯಿಲ್ಲದ ನೀರು ಹುಡುಕುತ್ತ ಕರಾವಳಿಗೆ

ರೇಷ್ಮೆಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮರುದಿನ ಹುಳುಮನೆ ತೊಳೆದು, ಸುಣ್ಣ ಬಳಿದು ಬಾಗಿಲು ಹಾಕಿದೆವು. ಮುಂದಿನ ಬೆಳೆಗೆ ಹುಳು ತರುವವರೆಗೆ ಒಂದು ವಾರ ಬಿಡುವು. ರೇಷ್ಮೆ ಬೆಳೆಯುವವರಿಗೆ ಊರು ಬಿಡಲು ಸಿಗುವುದು ಈ ಸಂದು ಮಾತ್ರ. ಹುಳು ಮನೆಯಲ್ಲಿದ್ದರೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ಈ ಸಲದ ಬಿಡುವನ್ನು ನನ್ನ ಹೆಂಡತಿ ಮಂಗಳ ಮೊದಲೇ ಕೇಳಿಟ್ಟಿದ್ದಳು. ಅವಳಿಗೆ ಸಮುದ್ರದಲ್ಲಿ ಈಜಬೇಕಿತ್ತು.

ಮಂಗಳ ಮದ್ದೂರಿನ ಕಡೆಯವಳು, ನಾಲೆಯಲ್ಲಿ ಈಜು ಕಲಿತವಳು. ಮದುವೆಯಾಗಿ ಹೊಂಗನೂರಿಗೆ ಬಂದ ಮೇಲೆ ಈಜಲಿಲ್ಲ. ಯಾರೂ ಬೇಡವೆಂದಿರಲಿಲ್ಲ, ನಮ್ಮೂರಿನ ಹೆಂಗಸರು ಕೆರೆಗೆ ಇಳಿಯುವುದು ಬಟ್ಟೆ ಒಗೆಯಲು, ಅಷ್ಟೆ. ಈಗ ಅವಳಿಗೆ ಐವತ್ತು ದಾಟಿದೆ. "ಮಂಡಿ ಹಿಡ್ಕೊಂಡ್ ಮೇಲೆ ಹೋಗಿ ಏನ್ ಮಾಡಾದು? ಈಗ್ಲೇ ಹೋಗ್‌ಬುಡಾನ" ಎಂದಳು.

ಕಾರು ಅವಳ ತಮ್ಮ ಕುಮಾರನದು. ಅವನು ನಾಲೆಯ ಪಕ್ಕದಲ್ಲೇ ಹುಟ್ಟಿಯೂ ಈಜು ಬಾರದವನು. ಹಾಗಾಗಿ ಯಾವ ತೀರದಲ್ಲಿ ಇಳಿಯುವುದೆಂದು ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

ಬೆಳಗಿನ ಜಾವ ಚನ್ನಪಟ್ಟಣ ಬಿಟ್ಟು ಮದ್ದೂರು, ಹುಲಿಯೂರುದುರ್ಗ, ಕುಣಿಗಲ್ ಮೇಲೆ ಹಾಸನದ ಹೆದ್ದಾರಿ ಸೇರಿದೆವು. ಸಕಲೇಶಪುರದಲ್ಲಿ ತಿಂಡಿ ತಿಂದು ಶಿರಾಡಿ ಘಾಟಿ ಇಳಿದೆವು. ಕೆಳಗೆ ಬಂದಂತೆ ಗಾಳಿ ದಪ್ಪಗಾಯಿತು. ಡಿಸೆಂಬರಾದರೂ ಮಂಗಳೂರಿನಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅಲ್ಲಿಯೇ ತಂಗಿದೆವು.

ಮರುದಿನ ಎಡಗಡೆ ಸಮುದ್ರ ಇಟ್ಟುಕೊಂಡು ಉತ್ತರಕ್ಕೆ ಹೊರಟೆವು. ತೆಂಗಿನ ಸಾಲಿನ ಸಂದಿಯಲ್ಲಿ ನೀಲಿ ಕಾಣುತ್ತಿತ್ತು, ಮರೆಯಾಗುತ್ತಿತ್ತು. ಕಂಡಾಗಲೆಲ್ಲ ಮಂಗಳ ಕಿಟಕಿಯ ಗಾಜು ಇಳಿಸುತ್ತಿದ್ದಳು. ಸುರತ್ಕಲ್ಲಿನ ದೀಪಸ್ತಂಭದ ಕೆಳಗೆ ಬಂಡೆಗಳಿದ್ದವು, ಬೇಡವೆಂದೆ. ಮೂಲ್ಕಿಯ ಹತ್ತಿರದ ಒಂದು ತೀರದಲ್ಲಿ ಹುಡುಗ ಹುಡುಗಿಯರು ಸರ್ಫಿಂಗ್ ಹಲಗೆ ಹಿಡಿದು ಬಿಳಿ ಅಲೆಗಳ ಮೇಲೆ ಏಳುತ್ತ ಬೀಳುತ್ತ ಇದ್ದರು. ಮಂಗಳ ಚಪ್ಪಲಿ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದಳು. ಅಲ್ಲಿಯೂ ಬೇಡವೆಂದೆ.

ನನ್ನ ಲೆಕ್ಕಾಚಾರ ಸರಳವಾಗಿತ್ತು. ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ ಇಳಿದವನು ನಾನು. ಅಲ್ಲಿ ನೊರೆ ಎದ್ದರೆ ಅಡಿಯಲ್ಲಿ ಬಂಡೆ ಇದೆ, ಸೆಳೆತ ಇದೆ ಎಂದರ್ಥ. ಈಜುವುದು ಸುಮ್ಮನಿರುವ ನೀರಿನಲ್ಲಿ.

"ಭಾವ, ನಿಮ್ಗೆ ಬೇಕಾಗಿರಾದು ಕೆರೆ ಕನ್ರೀ. ಅದು ಹೊಂಗ್ನೂರಲ್ಲೇ ಐತಲ್ಲ, ಇಷ್ಟ್ ಪೆಟ್ರೋಲ್ ಯಾಕ್ ಸುಡುಸುದ್ರಿ?" ಎಂದ ಕುಮಾರ.

"ಸುಮ್ಕೆ ಓಡ್ಸ್ಲಾ, ನೀರ್ ಕಂಡ್ರೆ ಕಾರಿಂದ ಇಳಿಯಲ್ಲ ನೀನು" ಎಂದಳು ಮಂಗಳ.

ಮಲ್ಪೆಯಲ್ಲಿ ಬಂಗುಡೆ ಮೀನಿನ ಸಾರಿನ ಊಟ ಮಾಡಿದೆವು. ಕುಚ್ಚಲಕ್ಕಿ ಅನ್ನ ನೋಡಿ ಕುಮಾರ ಮುದ್ದೆ ಸಿಗುತ್ತದೆಯೇ ಎಂದು ಕೇಳಿ ನಗಿಸಿದ. ಅಲ್ಲಿನ ತೀರದಲ್ಲಿ ಜನ, ಮೋಟಾರ್ ದೋಣಿಗಳ ಸದ್ದು. "ಒಳ್ಳೆ ಸಂತೆ ಇದ್ದಂಗೈತೆ. ಇಲ್ಲ್ ಇಳುದ್ರೆ ನನ್ ಫೋಟೊ ಹೊಡಿತಾರೆ ಅಷ್ಟೆ" ಎಂದು ಮಂಗಳಳೇ ಬೇಡವೆಂದಳು.

ಇನ್ನೂ ಮುಂದೆ ಒಂದು ಸಣ್ಣ ತೀರ ಸಿಕ್ಕಿತು. ಅದರ ಹೆಸರು ಕೇಳಲಿಲ್ಲ. ಕೇಳಲು ಅಲ್ಲಿ ಯಾರೂ ಇರಲಿಲ್ಲ. ಎರಡೂ ಬದಿಗೆ ಅಲೆ ಒಡೆಯುತ್ತಿತ್ತು. ನಡುವೆ ಊರಿನ ಬೀದಿಯಷ್ಟು ಅಗಲಕ್ಕೆ ನೊರೆಯೇ ಇಲ್ಲದೆ, ಕಪ್ಪಗೆ, ನುಣ್ಣಗೆ ನೀರು. ಇದೇ ಜಾಗ ಎಂದೆ. ಮೊದಲು ನಾನು ಇಳಿದು ನೋಡುತ್ತೇನೆಂದು ಹೋದೆ.

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನೀರು ಸೊಂಟಕ್ಕೆ ಬಂತು. ಇನ್ನೆರಡು ಹೆಜ್ಜೆ ಇಟ್ಟಾಗ ಕಾಲಿಗೆ ಮರಳು ಸಿಗಲಿಲ್ಲ. ಹೆದರಿಕೆಯೇನೂ ಆಗಲಿಲ್ಲ, ತಿರುಗಿ ಮಂಗಳಳ ಕಡೆಗೆ ಈಜಿದೆ. ಅವಳ ಹಸಿರು ಸೀರೆ ಹತ್ತಿರವಾಗಬೇಕಿತ್ತು, ಚಿಕ್ಕದಾಗುತ್ತಿತ್ತು. ಜೋರಾಗಿ ಈಜಿದೆ. ಇನ್ನೂ ಚಿಕ್ಕದಾಯಿತು. ತೋಳು ಸೋತಿತು, ಉಪ್ಪುನೀರು ಬಾಯಿಗೆ ಬಂತು. ದಡದಲ್ಲಿ ಕುಮಾರ ಕೈ ಬೀಸುತ್ತ ಕೂಗುತ್ತಿದ್ದ; ಮಾತು ಕೇಳಿಸಲಿಲ್ಲ. ಮಂಗಳ ಕೂಗುತ್ತಿರಲಿಲ್ಲ. ಅವಳು ನೀರನ್ನು ನೋಡುತ್ತಿದ್ದಳು. ಆಮೇಲೆ ಸೆರಗನ್ನು ತಲೆಯ ಮೇಲೆತ್ತಿ ಬೀಸುತ್ತ, ಅಲೆ ಒಡೆಯುತ್ತಿದ್ದ ಕಡೆಗೆ ಮರಳಿನ ಮೇಲೆ ಓಡಿದಳು. ಹಿಂದಕ್ಕೆ ಬಂದಳು, ಮತ್ತೆ ಅದೇ ಕಡೆಗೆ ಓಡಿದಳು.

ಆಗ ಅರ್ಥವಾಯಿತು. ನಾಲೆಯಲ್ಲಿ ಯಾರೂ ಇಳಿದ ಜಾಗಕ್ಕೇ ವಾಪಸ್ ಈಜುವುದಿಲ್ಲ. ಅಡ್ಡಕ್ಕೆ ಈಜಿ, ದಂಡೆ ಸಿಕ್ಕಲ್ಲಿ ಹತ್ತುತ್ತಾರೆ. ನಾನೂ ಅಡ್ಡಕ್ಕೆ ತಿರುಗಿದೆ. ಸ್ವಲ್ಪ ಹೊತ್ತಿಗೆ ಬೆನ್ನಿಗೆ ಒಂದು ಅಲೆ ಬಡಿಯಿತು. ಅದರ ಹಿಂದಿನದು ನನ್ನನ್ನು ನೊರೆಯ ಸಮೇತ ಮರಳಿಗೆ ತಂದು ಹಾಕಿತು.

"ಸಾಕು. ನಡೀರಿ ಊರ್ಗೆ" ಎಂದ ಕುಮಾರ. ನಾನೂ ಅದನ್ನೇ ಹೇಳಿದೆ. ಹಲ್ಲು ಕಟಕಟಿಸುತ್ತಿತ್ತು.

ಮಂಗಳ ನನ್ನ ಬೆನ್ನಿನ ಮರಳು ಒರೆಸುತ್ತಿದ್ದಳು. "ಮುಳುಗ್ತಿದ್ದೋರು ನೀವು. ಊರ್ಗೆ ಹೋಗ್ಬೇಕಾದೋಳು ನಾನಾ? ನೀವ್ ಆರ್ಸಿದ್ದಾಯ್ತಲ್ಲ, ನಾಳೀಕೆ ನಾನ್ ಆರುಸ್ತೀನಿ" ಎಂದಳು.

ಆ ರಾತ್ರಿ ಹತ್ತಿರದಲ್ಲೇ ಒಂದು ಕೋಣೆ ಹಿಡಿದು ತಂಗಿದೆವು.

ಅವಳು ಆರಿಸಿದ್ದು ಮೂಲ್ಕಿಯ ಹತ್ತಿರದ ಅದೇ ಬಿಳಿ ಅಲೆಗಳ ತೀರ. ಬೆಳಿಗ್ಗೆ ನೀರುದೋಸೆ ತಿಂದು ವಾಪಸ್ ದಕ್ಷಿಣಕ್ಕೆ ಬಂದೆವು. ಸರ್ಫಿಂಗ್ ಕಲಿಸುವ ಯುವಕ ನಮ್ಮ ಕಥೆ ಕೇಳಿ ತಲೆ ಮೇಲೆ ಕೈ ಇಟ್ಟುಕೊಂಡ. "ಅಲೆ ಇಲ್ಲದಲ್ಲಿ ಇಳಿದದ್ದಾ? ಎಂತ ಮಾರಾಯ್ರೆ! ದಡಕ್ಕೆ ಬಂದ ನೀರು ವಾಪಸ್ ಹೋಗುವ ದಾರಿ ಅದು. ಇಲ್ಲಿ ನೊರೆ ಇರುವಲ್ಲಿ ಅಡಿಯಲ್ಲಿ ಮರಳಿನ ದಿಬ್ಬ, ಸೊಂಟದಷ್ಟೇ ನೀರು." ಆಮೇಲೆ ಮಂಗಳಳ ಕಡೆ ತಿರುಗಿ, "ಅಜ್ಜಿ, ನಿಮಗೆ ಈಜು ಬರ್ತದಾ?" ಎಂದ.

"ನೋಡಪ್ಪ, ಅಜ್ಜಿ ಅಂದ್ರೆ ನಿನ್ನೇ ಮುಳುಗುಸ್ಬುಡ್ತೀನಿ."

ಮಗಳಿಂದ ಕೇಳಿ ತಂದಿದ್ದ ಚೂಡಿದಾರದ ಮೇಲೆ ಲೈಫ್ ಜಾಕೆಟ್ ತೊಟ್ಟು ಅವಳು ಇಳಿದಳು. ಯುವಕ ಜೊತೆಗೇ ಇದ್ದ. ಯಾರೋ ಮರಳಿನಲ್ಲಿ ಎಳೆದಿಟ್ಟಿದ್ದ ಒಂದು ದೋಣಿಯ ಹಿಂದೆ ನಾನು ನಿಂತು, ಸೆಳೆತ ಅವಳನ್ನು ಒಯ್ಯುತ್ತಿದೆಯೇ ಎಂದು ಅದರ ಮೂತಿಗೂ ಅವಳ ತಲೆಗೂ ಗೆರೆ ಹಿಡಿದು ನೋಡುತ್ತಿದ್ದೆ. ತಲೆ ಮೇಲೇಳುತ್ತಿತ್ತು, ಇಳಿಯುತ್ತಿತ್ತು; ದೂರ ಸರಿಯುತ್ತಿರಲಿಲ್ಲ. ಅವಳು ಕೈ ಉದ್ದಕ್ಕೆ ಚಾಚಿ ಈಜುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಈಜುವುದನ್ನು ನಾನು ಕಂಡದ್ದು ಅದೇ ಮೊದಲು.

ಆಮೇಲೆ ಅವಳನ್ನು ಹಲಗೆಯ ಮೇಲೆ ಬೋರಲು ಮಲಗಿಸಿ ಯುವಕ ತಳ್ಳಿದ. ಅಲೆ ಎತ್ತಿಕೊಂಡಿತು. ಮಂಗಳ ಕಿರುಚುತ್ತ, ನಗುತ್ತ, ಮಲಗಿದಂತೆಯೇ ನೇರ ನಮ್ಮ ಕಾಲಬುಡಕ್ಕೆ ಬಂದಳು. ಮೂಗಿನಲ್ಲಿ ನೀರು, ಕೂದಲೆಲ್ಲ ಮರಳು. ಮೊಬೈಲಿನಲ್ಲಿ ವೀಡಿಯೊ ಮಾಡುತ್ತಿದ್ದ ಕುಮಾರ ಹಿಂದಕ್ಕೆ ಹಾರಲು ಹೋಗಿ ಕುಕ್ಕರಿಸಿ ಬಿದ್ದ.

"ಅಕ್ಕೋ, ಸಾಕ್ ಬಾರವ್ವ!"

"ಇನ್ನೊಂದ್ ಸಲ ಕಣ್ಲಾ" ಎಂದು ಹಲಗೆ ಎಳೆದುಕೊಂಡು ಹೋದಳು. ಅದನ್ನು ಮುಗಿಸಿ ಬಂದು ಮತ್ತೆ ಅದನ್ನೇ ಹೇಳಿದಳು.

ಘಾಟಿ ಹತ್ತಲು ಹೊತ್ತಾಗುತ್ತದೆಂದು ಕುಮಾರ ಕಾರಿನ ಬಳಿ ಹೋಗಿ ಹಾರ್ನ್ ಹೊಡೆಯತೊಡಗಿದ. ನಾನು ಗೆರೆ ಹಿಡಿಯುವುದನ್ನು ಬಿಟ್ಟು, ದೋಣಿಗೆ ಬೆನ್ನು ಕೊಟ್ಟು ಕುಳಿತೆ. ಸೊಂಟದ ನೀರಿನಲ್ಲಿ ಮಂಗಳ ಹಲಗೆ ಹಿಡಿದು ನಿಂತಿದ್ದಳು. ಹಾರ್ನ್ ಕೇಳಿಸಿರಲೇಬೇಕು. ಅವಳು ಕತ್ತು ತಿರುಗಿಸಿದ್ದು ಹಿಂದಿನಿಂದ ಬರುತ್ತಿದ್ದ ಅಲೆಯ ಕಡೆಗೆ.