ಅಡ್ಯಾರಿನ ಮೂರನೇ ಮೆಡಿಕಲ್ ಶಾಪ್

ಬೆಳಿಗ್ಗೆ ನನ್ನ ರೂಮ್‌ಮೇಟ್ ಹಲ್ಲುಜ್ಜುತ್ತಲೇ ಬೆರಳು ಮಡಚಿ ಗಂಟೆ ಎಣಿಸುತ್ತಿದ್ದಳು. ತುರ್ತು ಗರ್ಭನಿರೋಧಕ ಮಾತ್ರೆಯನ್ನು ಮೂರು ದಿನದೊಳಗೆ, ಆದಷ್ಟು ಬೇಗ ನುಂಗಬೇಕು. ಎರಡು ದಿನ ಆಗಲೇ ಕಳೆದಿತ್ತು. ಅವಳಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ, ಹಾಗಾಗಿ ನಾನು ಹೊರಟೆ.

ಗೆಳೆಯರೇ, ಈ ಚೆನ್ನೈನಲ್ಲಿ ಆ ಮಾತ್ರೆಯನ್ನು ಇಡದಿರುವುದೇ ಎಷ್ಟೋ ಅಂಗಡಿಗಳಿಗೆ ಮರ್ಯಾದೆ. ಅಡ್ಯಾರಿನಲ್ಲಿ ಎರಡು ಕಡೆ "ಇಲ್ಲೆಮಾ" ಅಂದರು. ಮೂರನೇ ಅಂಗಡಿಯ ಯಜಮಾನರು ನನ್ನ ಹರಕು ತಮಿಳು ಕೇಳಿ ಕನ್ನಡಕ್ಕೆ ಬಂದರು.

"ಯಾರಿಗಮ್ಮಾ?"

"ಅಕ್ಕನಿಗೆ. ಮದುವೆಯಾಗಿದೆ," ಎಂದೆ. ನನಗೆ ಅಕ್ಕನೇ ಇಲ್ಲ.

"ಗರ್ಭ ಕರಗಿಸೋ ಪಾಪ ನಮ್ಗೆ ವೇಣಾಮ್ಮಾ, ಬೇಡ."

"ಕರಗಿಸಲ್ಲ ಸಾರ್. ಅದರ ಹಾರ್ಮೋನು ಅಂಡ ಹೊರಗೆ ಬರೋದನ್ನ ತಡ ಮಾಡತ್ತೆ, ಅಷ್ಟೆ. ಗರ್ಭ ಆಗಲೇ ನಿಂತಿದ್ರೆ ಅದಕ್ಕೇನೂ ಆಗಲ್ಲ."

"ನೀನೇನು ಡಾಕ್ಟರಾ?"

"ಕನ್ನಡ ಎಂಎ."

ಕೆಮ್ಮಿನ ಔಷಧಿಗೆಂದು ನಿಂತಿದ್ದವರೂ ನಕ್ಕರು.

ಮದುವೆಯಾದ ಅಕ್ಕನಿಗೂ ಮಾತ್ರೆ ಸಿಗಲಿಲ್ಲ. ಬಸ್ಸು ಹತ್ತಿ ತಾಂಬರಂಗೆ ಬಂದು, ನಾಲ್ಕನೇ ಅಂಗಡಿಯ ಎದುರು ನಿಂತು ಇದನ್ನು ಬರೆಯುತ್ತಿದ್ದೇನೆ. ಕಾಲು ನೋಯುತ್ತಿದೆ, ಸುಳ್ಳು ಹೇಳುವ ಶಕ್ತಿಯೂ ಉಳಿದಿಲ್ಲ. ಆದರೂ ಇಲ್ಲಿ ಯಾರಿಗೆ ಎಂದು ಕೇಳಿದರೆ, ಕೊನೆಯದಾಗಿ ಒಂದು ಹೇಳುತ್ತೇನೆ: "ನನಗೆ."